ಎಚ್ಚರಿಕೆಯ ದೀಪಗಳು

ನಮ್ಮ ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಪ್ರತಿ ವರ್ಷವೂ ನನ್ನಿಂದ ಅಪೇಕ್ಷಿಸುವುದು ಆದಾಯ ತೆರಿಗೆಯನ್ನೋ ಹಿರಿಯ ನಾಗರಿಕರ ಠೇವಣಿಯನ್ನೋ ಕುರಿತ ಒಂದು ಲೇಖನವನ್ನು. ಬ್ಯಾಂಕಿನವನು ಬೇರೇನು ತಾನೆ ಬರೆದಾನು! ಈ ಸಲ ಆ ವಾಡಿಕೆಯನ್ನು ಮುರಿದು, ನಮ್ಮ ಮನೆಯ ಹಳೆಯ ಕಾರಿನಲ್ಲಿ ತಲೆದೋರಿದ ಒಂದು ವಿದ್ಯುದ್ದೋಷವನ್ನು ಪತ್ತೆಹಚ್ಚಿದ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇನೆ. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳ ಬಗೆಗೆ ತಜ್ಞ ವೈದ್ಯರು ಬರೆದಿರುವ ಪುಟಗಳ ನಡುವೆ ಕಾರಿನ ಕಥೆಗೇನು ಕೆಲಸವೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಯಲ್ಲಾದರೋ ಕಾರು ವಿಲಾಸದ ವಸ್ತುವಲ್ಲ. ಔಷಧದ ಪೆಟ್ಟಿಗೆಯಷ್ಟೇ ಅಗತ್ಯವಾದುದು.

ನನ್ನ ತಂದೆಯವರು 1966ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಪೀಳಿಗೆಗೆ ಸೇರಿದವರು. 2023ರಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಡೊಂಬಿವಲಿಯ ನಮ್ಮ ಮನೆಯಿಂದ ನೇರೂಳಿನ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್‌ಗಾಗಿ ಹೋಗಿಬರಬೇಕಾಯಿತು. ಒಂದೊಂದು ಸಲವೂ ನಾಲ್ಕು ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗಿದ್ದು ಎದ್ದವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಅಂಥವರನ್ನು ಲೋಕಲ್ ರೈಲಿನ ಗದ್ದಲದಲ್ಲಿ ನಿಲ್ಲಿಸಿ ತಂದು, ಡೊಂಬಿವಲಿ ನಿಲ್ದಾಣದ ಸೇತುವೆ ಹತ್ತಿಸಿ ಇಳಿಸುವುದು ಆಗದ ಮಾತು. ಮಳೆಗಾಲದ ರಾತ್ರಿಯಲ್ಲಿ ಕರೆದ ಬಾಡಿಗೆ ಕಾರು ಬಂದೇ ಬರುತ್ತದೆಂಬ ಭರವಸೆ ನಮ್ಮ ಉಪನಗರದವರಿಗೆ ಎಷ್ಟಿದೆಯೆಂಬುದನ್ನು ನಾನು ಹೇಳಬೇಕಾದುದಿಲ್ಲ.

ಕಾರು 2009ರಲ್ಲಿ ತಯಾರಾದ ಚಿಕ್ಕ ವಾಹನ. 2014ರಲ್ಲಿ ಎರಡನೆಯ ಕೈಯಾಗಿ ಕೊಂಡದ್ದು. ಯಾವ ಕಂಪನಿಯದೆಂಬುದು ಈ ಕಥೆಗೆ ಅನಗತ್ಯ. ಹಳೆಯದಾದರೂ ಅದರಲ್ಲಿ ವಿದ್ಯುತ್ತಿನಿಂದ ನಡೆಯುವ ಸ್ಟಿಯರಿಂಗ್ ಇದೆ, ಚಕ್ರಗಳು ಜಾರದಂತೆ ಬ್ರೇಕನ್ನು ನಿಯಂತ್ರಿಸುವ ಎ.ಬಿ.ಎಸ್. ಇದೆ, ಗಾಳಿಚೀಲಗಳಿವೆ. ಇವು ಒಂದೊಂದಕ್ಕೂ ಒಂದು ಪುಟ್ಟ ಗಣಕಯಂತ್ರ. ಒಂದೊಂದು ಗಣಕಕ್ಕೂ ಚಾಲಕನ ಕಣ್ಣೆದುರಿನ ಫಲಕದಲ್ಲಿ ಒಂದು ದೀಪ.

2024ರ ಮೇ ತಿಂಗಳಿನಿಂದಲೇ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಒಮ್ಮೊಮ್ಮೆ ಮಿನುಗಿ ಮಾಯವಾಗುತ್ತಿತ್ತು. ಬೆಳಿಗ್ಗೆ ಎಂಜಿನ್ ಚಾಲೂ ಆಗುವಾಗ ನಿದ್ದೆಯಿಂದೆದ್ದ ಮುದುಕರಂತೆ ಗೊಣಗುತ್ತಿತ್ತು. ನಾನು ಅಲಕ್ಷಿಸಿದೆನೆಂಬುದನ್ನು ಒಪ್ಪಿಕೊಳ್ಳಲೇಬೇಕು. ಜುಲೈ ತಿಂಗಳ ಒಂದು ಗುರುವಾರ ರಾತ್ರಿ, ತಂದೆಯವರನ್ನು ಹಿಂದಿನ ಆಸನದಲ್ಲಿ ಮಲಗಿಸಿಕೊಂಡು ನೇರೂಳಿನಿಂದ ಹೊರಟವನಿಗೆ ತುರ್ಭೆಯಿಂದ ಮಹಾಪೆಯವರೆಗೆ ವಾಹನಗಳ ಸಾಲು. ಧಾರಾಕಾರ ಮಳೆ, ಹೆಡ್‌ಲೈಟು, ವೈಪರು, ಹಿಂಗಾಜಿನ ಮಂಜು ಕಳೆಯುವ ತಂತಿ, ಬ್ಲೋವರು ಎಲ್ಲವೂ ಚಾಲೂ. ಒಂದೂವರೆ ಗಂಟೆಯ ಬಳಿಕ ಮಹಾಪೆಯಿಂದ ಶಿಳ್‌ಫಾಟಾ ಕಡೆಗೆ ಪಾರಸಿಕ ಗುಡ್ಡದ ಏರನ್ನು ಎರಡನೆಯ ಗೇರಿನಲ್ಲಿ ಹತ್ತುತ್ತಿದ್ದಾಗ ಬ್ಯಾಟರಿಯ ದೀಪ ಉರಿಯಿತು, ಮರುಕ್ಷಣ ಎ.ಬಿ.ಎಸ್. ದೀಪ, ಅದರ ಬೆನ್ನಿಗೇ ಗಾಳಿಚೀಲದ ದೀಪ, ತಿರುವಿನ ನಡುವೆಯೇ ಸ್ಟಿಯರಿಂಗಿನ ದೀಪ. ಅಷ್ಟು ಹೊತ್ತು ಬೆರಳಿಗೆ ಬಗ್ಗುತ್ತಿದ್ದ ಚಕ್ರ ಆ ಕ್ಷಣದಿಂದ ರಾಗಿಕಲ್ಲಿನಂತೆ ಭಾರವಾಯಿತು. ಹಿಂದೆ ಕಂಟೇನರ್ ಲಾರಿಯೊಂದರ ಹಾರ್ನು. ಎರಡೂ ತೋಳುಗಳ ಬಲವನ್ನು ಹಾಕಿ ಹೇಗೋ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದೆ. "ಏನಾಯಿತು ಮಾರಾಯ?" ಎಂದು ತಂದೆಯವರು ಕ್ಷೀಣ ದನಿಯಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲ ಗುಂಡಿಗಳನ್ನೂ ಆರಿಸಿ, ಐದು ನಿಮಿಷ ಕಾದು ಮತ್ತೆ ಎಂಜಿನ್ ಚಾಲೂ ಮಾಡಿದರೆ ಮೂರು ದೀಪಗಳು ಏನೂ ನಡೆದಿಲ್ಲವೆಂಬಂತೆ ಆರಿಹೋದವು. ಗಾಳಿಚೀಲದ್ದು ಮಾತ್ರ ಉಳಿಯಿತು. ಬ್ಲೋವರನ್ನೂ ಹಿಂಗಾಜಿನ ತಂತಿಯನ್ನೂ ಮುಟ್ಟದೆ, ಮಂಜು ಕವಿದ ಗಾಜನ್ನು ಕರವಸ್ತ್ರದಿಂದ ಒರೆಸುತ್ತ ಮನೆ ಸೇರಿದೆವು.

ಮುಂದಿನ ಮೂರು ವಾರಗಳ ಕಥೆ ಹಳೆಯ ಕಾರುಳ್ಳವರಿಗೆಲ್ಲ ಪರಿಚಿತವಾದುದೇ. ಕಾರ್ಯಾಗಾರದವರು ತಪಾಸಣೆಯ ಯಂತ್ರವನ್ನು ಜೋಡಿಸಿ, ನಾಲ್ಕೂ ಗಣಕಗಳಲ್ಲಿ ದಾಖಲಾಗಿದ್ದ ದೋಷದ ಸಂಕೇತಗಳನ್ನು ಓದಿ, ಅಳಿಸಿ, ಕಾರನ್ನು ಮರಳಿಸಿದರು. ನಾಲ್ಕು ದಿನಗಳ ಬಳಿಕ ದೀಪಗಳು ಮತ್ತೆ ಬಂದವು. ಬ್ಯಾಟರಿ ಹಳೆಯದಾಯಿತೆಂದು ಬದಲಿಸಿದರು: 5,200 ರೂಪಾಯಿ. ದೀಪಗಳು ಮತ್ತೆ ಬಂದವು. ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರನ್ನು ಬದಲಿಸಿದರು: 9,800 ರೂಪಾಯಿ. ಮತ್ತೊಂದು ಮಳೆಯ ರಾತ್ರಿ, ಮತ್ತೆ ಅದೇ ದೀಪಮಾಲೆ. ಕೊನೆಗೆ ಸ್ಟಿಯರಿಂಗಿನ ಗಣಕವನ್ನೇ ಬದಲಿಸಬೇಕೆಂದು 32,000 ರೂಪಾಯಿಗಳ ಅಂದಾಜುಪಟ್ಟಿ ಕೈಗಿತ್ತರು. ಹಳೆ ಕಾರುಗಳ ವ್ಯಾಪಾರಿಯೊಬ್ಬರು ಇಡೀ ಕಾರಿಗೆ ಕೊಡಲೊಪ್ಪಿದ್ದುದು 45,000. ನವೆಂಬರಿನಲ್ಲಿ ಹದಿನೈದು ವರ್ಷದ ನೋಂದಣಿಯ ಅವಧಿ ಬೇರೆ ಮುಗಿಯುವುದರಲ್ಲಿತ್ತು. 2022ರ ಏಪ್ರಿಲಿನಿಂದ ಮರುನೋಂದಣಿಯ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿದೆ, ಪರಿಸರ ತೆರಿಗೆ ಬೇರೆ. "ಕೊಟ್ಟುಬಿಡಿ, ಪೀಡೆ ತೊಲಗಲಿ" ಎಂದಳು ಮನೆಯಾಕೆ. ಹೊಸ ಕಾರಿನ ಸಾಲಕ್ಕೆ ಅರ್ಜಿಯ ನಮೂನೆ ನನ್ನ ಮೇಜಿನ ಸೆಳೆಖಾನೆಯಲ್ಲಿಯೇ ಇತ್ತು. ಆದರೆ ಡಯಾಲಿಸಿಸ್ಸಿನ ಖರ್ಚಿನ ಮೇಲೆ ಇನ್ನೊಂದು ಮಾಸಿಕ ಕಂತನ್ನು ಹೇರುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ದೀಪಗಳ ಬಗೆಗೆ ಎರಡು ಮಾತು. ಕೆಂಪು ದೀಪವೆಂದರೆ ಸುರಕ್ಷಿತವಾದ ಕಡೆ ಒಡನೆ ನಿಲ್ಲು. ಹಳದಿಯೆಂದರೆ ನಿಧಾನವಾಗಿ ಹೋಗಿ ಬೇಗನೆ ತೋರಿಸು. ಇದು ಸ್ಥೂಲವಾದ ನಿಯಮ. ಎಣ್ಣೆಯ ಕುಡಿಕೆಯ ಚಿತ್ರದ ಕೆಂಪು ದೀಪ ಓಡುತ್ತಿರುವಾಗ ಹೊತ್ತಿತೆಂದರೆ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿದಿದೆಯೆಂದು ಅರ್ಥ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣವೆಂದು ಹೊರಟವರು ಎಂಜಿನ್ನನ್ನೇ ಕಳೆದುಕೊಂಡಾರು. ಉಷ್ಣತೆಯ ಕೆಂಪು ದೀಪಕ್ಕೂ ಇದೇ ಮಾತು. ಜತೆಗೆ ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯಹೋಗಿ ಮುಖ ಸುಟ್ಟುಕೊಳ್ಳಬಾರದು. ಬ್ರೇಕಿನ ಕೆಂಪು ದೀಪ ಕೈಬ್ರೇಕನ್ನು ಬಿಡುಗಡೆ ಮಾಡಿದ ಮೇಲೂ ಉರಿದರೆ ಬ್ರೇಕಿನ ದ್ರವ ಕಡಿಮೆಯಾಗಿರಬಹುದು. ಅಂತೂ ದೀಪ ಹೇಳುವುದು ತಾನು ಅಳೆಯುತ್ತಿರುವ ಒಂದು ಸಂಗತಿಯನ್ನಷ್ಟೇ. ಸ್ಟಿಯರಿಂಗಿನ ದೀಪ ಉರಿದರೆ ಸ್ಟಿಯರಿಂಗಿನ ಗಣಕ ಕೆಲಸ ನಿಲ್ಲಿಸಿದೆಯೆಂದು ತಿಳಿಯುತ್ತದೆಯೇ ಹೊರತು ಅದು ಕೆಟ್ಟಿದೆಯೆಂದಲ್ಲ. ಜ್ವರಮಾಪಕ ಜ್ವರವನ್ನು ಹೇಳುತ್ತದೆ, ಮಲೇರಿಯವೋ ಡೆಂಗೆಯೋ ಎಂಬುದನ್ನು ಹೇಳುವುದಿಲ್ಲ.

ಬ್ಯಾಂಕಿನಲ್ಲಿ ಒಂದೇ ದಿನ ನಾಲ್ಕು ಬೇರೆ ಬೇರೆ ಖಾತೆಗಳಲ್ಲಿ ವ್ಯತ್ಯಾಸ ಬಂದರೆ ನಾಲ್ವರು ಗುಮಾಸ್ತರೂ ಏಕಕಾಲಕ್ಕೆ ತಪ್ಪಿದರೆಂದು ನಾವು ಭಾವಿಸುವುದಿಲ್ಲ. ನಾಲ್ಕಕ್ಕೂ ಸಮಾನವಾದ ನಮೂದು ಯಾವುದೆಂದು ಹುಡುಕುತ್ತೇವೆ. ಈ ಸಾಮಾನ್ಯ ವಿವೇಕ ಕಾರಿನ ವಿಷಯದಲ್ಲಿ ನನಗೆ ಹೊಳೆದದ್ದು ಹದಿನೈದು ಸಾವಿರ ರೂಪಾಯಿ ಕಳೆದ ಮೇಲೆ! ಒಂದು ನೋಟುಪುಸ್ತಕ ಮಾಡಿದೆ. ದಿನಾಂಕ, ಗಂಟೆ, ಮಳೆಯೋ ಬಿಸಿಲೋ, ಯಾವ ಯಾವ ಗುಂಡಿಗಳು ಚಾಲೂ, ಎಷ್ಟು ಹೊತ್ತಿನ ಪ್ರಯಾಣ, ಯಾವ ದೀಪ ಮೊದಲು, ಯಾವುದು ಬಳಿಕ. ಹದಿನಾಲ್ಕು ಪ್ರಯಾಣಗಳು ದಾಖಲಾದ ಮೇಲೆ ಪುಟವೇ ಮಾತನಾಡತೊಡಗಿತು. ಹಗಲಿನ ಒಣ ಹವೆಯಲ್ಲಿ ಒಮ್ಮೆಯೂ ದೀಪ ಬಂದಿಲ್ಲ. ಬಂದಾಗಲೆಲ್ಲ ಮೊದಲು ಬ್ಯಾಟರಿಯ ದೀಪವೇ. ಒಂದು ಗಂಟೆಗಿಂತ ಕಡಿಮೆಯ ಪ್ರಯಾಣದಲ್ಲಿ ಮಿಕ್ಕ ದೀಪಗಳಿಲ್ಲ. ಮಹಾಪೆಯ ಏರಿನಲ್ಲಿ ಮೂರು ಸಲ, ಅದೂ ಎಂಜಿನ್ ಜಗ್ಗುವಾಗ.

ಈ ಪುಸ್ತಕವನ್ನು ಹಿಡಿದು ನಾನು ಹೋದುದು ಕಲ್ಯಾಣ ಪೂರ್ವದಲ್ಲಿ ತಗಡಿನ ಚಪ್ಪರದಡಿ ಕುಳಿತಿರುವ ಒಬ್ಬ ವೃದ್ಧ ಎಲೆಕ್ಟ್ರಿಷಿಯನ್ ಬಳಿಗೆ. ನಮ್ಮ ಕಡೆಯವರೇ, ಯೌವನದಲ್ಲಿ ಕುರ್ಲಾದ ಗ್ಯಾರೇಜುಗಳಲ್ಲಿ ಟ್ಯಾಕ್ಸಿಗಳ ತಂತಿ ಕೆಲಸ ಮಾಡಿ ಪಳಗಿದವರು. ಟ್ಯಾಕ್ಸಿ ಎಂದರೆ ಆ ಕಾಲಕ್ಕೆ ಪ್ರೀಮಿಯರ್ ಪದ್ಮಿನಿಯೇ. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದಲ್ಲಿ 1964ರಿಂದ ತಯಾರಿಸಿದ ಫಿಯೆಟ್ 1100 ಕಾರು, 1974ರಲ್ಲಿ ಪದ್ಮಿನಿ ಎಂಬ ಹೆಸರನ್ನು ತಳೆದು, ಕಪ್ಪು-ಹಳದಿ ಬಣ್ಣದಲ್ಲಿ ಮುಂಬಯಿಯ ಗುರುತೇ ಆಗಿಹೋಯಿತು. ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆ ನಮ್ಮ ಡೊಂಬಿವಲಿ ಮಗ್ಗುಲಿನ ಕಲ್ಯಾಣ-ಶಿಳ್ ರಸ್ತೆಯಲ್ಲಿತ್ತು. 1990ರ ದಶಕದ ನಡುಭಾಗದಲ್ಲಿ ಫ್ರಾನ್ಸಿನ ಪೂಜೊ 309 ಕಾರನ್ನು ಅಲ್ಲಿ ಜೋಡಿಸುತ್ತಿದ್ದರು. ಇಂದಿನ ತರುಣರು ಪ್ರೀಮಿಯರ್ ಮೈದಾನವೆಂದಾಗ ರಾಜಕೀಯ ಸಭೆಗಳನ್ನು ನೆನೆಯುತ್ತಾರೆಯೇ ವಿನಾ ಕಾರನ್ನಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವದ ಕಚೇರಿಯಲ್ಲಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ತುಂಬಿ, 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ಮುಂಬಯಿಯ ಬೀದಿಗಳಿಂದ ಮರೆಯಾದವು. ಅಷ್ಟರೊಳಗೆ ಈ ಹಿರಿಯರೂ ಕಲ್ಯಾಣಕ್ಕೆ ಬಂದು ನೆಲೆಸಿದ್ದರು.

ಅವರು ನನ್ನ ಪುಸ್ತಕವನ್ನು ಕನ್ನಡಕ ಸರಿಪಡಿಸಿಕೊಂಡು ಆಮೂಲಾಗ್ರವಾಗಿ ಓದಿದರು. ಬಾನೆಟ್ಟನ್ನು ತೆರೆಯಲೇ ಇಲ್ಲ. "ಫಿಯೆಟ್ಟಿನ ಕೆಂಪು ದೀಪ ಹೇಗೆ ಉರಿಯುತ್ತಿತ್ತು, ಗೊತ್ತೇ?" ಎಂದು ಕೇಳಿದರು. ನನಗೆ ತಿಳಿಯದು. ಆ ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಡೈನಮೊ ಕಡೆಗೆ. ಎಂಜಿನ್ ನಿಂತಿರುವಾಗ ಡೈನಮೊದಲ್ಲಿ ವೋಲ್ಟೇಜ್ ಇಲ್ಲ. ಬ್ಯಾಟರಿಯಿಂದ ಆ ಕಡೆಗೆ ವಿದ್ಯುತ್ತು ಹರಿದು ದೀಪ ಉರಿಯುತ್ತದೆ. ಎಂಜಿನ್ ಓಡತೊಡಗಿ ಡೈನಮೊ ತಯಾರಿಸುವ ವೋಲ್ಟೇಜ್ ಬ್ಯಾಟರಿಯದಕ್ಕೆ ಸಮನಾಯಿತೆಂದರೆ ಎರಡು ತುದಿಗಳ ನಡುವೆ ಅಂತರವೇ ಉಳಿಯುವುದಿಲ್ಲ, ದೀಪ ಆರುತ್ತದೆ. ಅಂದರೆ ಆ ದೀಪ ಬ್ಯಾಟರಿಯ ಸ್ಥಿತಿಯನ್ನಾಗಲಿ ಡೈನಮೊದ ಸ್ಥಿತಿಯನ್ನಾಗಲಿ ಹೇಳುತ್ತಿರಲಿಲ್ಲ; ಎರಡರ ನಡುವಿನ ವ್ಯತ್ಯಾಸವನ್ನು ಹೇಳುತ್ತಿತ್ತು! ಇಪ್ಪತ್ತು ವರ್ಷಗಳಿಂದ ಶಾಖೆಯ ಲೆಕ್ಕವನ್ನು ತಾಳೆ ನೋಡುತ್ತ ಬಂದವನಿಗೆ ಇದಕ್ಕಿಂತ ಸುಲಭವಾದ ಪಾಠ ಬೇಕೆ? ಇಂದಿನ ಕಾರುಗಳಲ್ಲಿ ದೀಪವನ್ನು ಹೊತ್ತಿಸುವುದು ಗಣಕದ ಆಜ್ಞೆ. ವಿಧಾನ ಬೇರೆಯಾದರೂ ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಹುಡುಕುವ ಕೆಲಸ ಬದಲಾಗಿಲ್ಲ ಎಂದರು ಅವರು.

ಆಮೇಲೆ ಬಾನೆಟ್ ತೆರೆಯಿತು. ಅವರ ಕೈಯಲ್ಲಿದ್ದುದು ಕೆಲವು ನೂರು ರೂಪಾಯಿ ಬೆಲೆಯ ಒಂದು ಮಲ್ಟಿಮೀಟರ್, ಅಷ್ಟೇ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟ್ ತೋರಿಸಿತು. ಇದು ಸರಿಯಾದ ಅಂಕಿಯೇ. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.4. ಕಾರ್ಯಾಗಾರದವರೂ ಹಗಲು ಹೊತ್ತು ಇದನ್ನೇ ನೋಡಿ ತೃಪ್ತರಾಗಿದ್ದರು. "ಮಲಗಿದ ರೋಗಿಯ ನಾಡಿ ಹಿಡಿದರೆ ಹೃದಯದ ಕಾಯಿಲೆ ತಿಳಿದೀತೆ? ಓಡಿಸಬೇಕು" ಎಂದು ಅವರು ಹೆಡ್‌ಲೈಟು, ಬ್ಲೋವರು, ವೈಪರು, ಹಿಂಗಾಜಿನ ತಂತಿ ಎಲ್ಲವನ್ನೂ ಚಾಲೂ ಮಾಡಿಸಿ, ನನ್ನ ಕಾಲನ್ನು ಆಕ್ಸಲರೇಟರಿನ ಮೇಲಿರಿಸಿ, ಎಂಜಿನ್ನನ್ನು ನಿಮಿಷಕ್ಕೆ 2,000 ಸುತ್ತುಗಳಲ್ಲಿ ಹಿಡಿಯಹೇಳಿದರು. ಹೃದಯ ತಜ್ಞರ ಟ್ರೆಡ್‌ಮಿಲ್ ಪರೀಕ್ಷೆ ನೆನಪಾಯಿತು.

ಮೀಟರಿನ ಎರಡು ಮುಳ್ಳುಗಳನ್ನು ಅವರು ಒಂದೊಂದೇ ಕಡೆ ಊರಿ ಅಂಕಿಗಳನ್ನು ಕೂಗುತ್ತ ಹೋದರು. ನಾನು ಕುಳಿತಲ್ಲಿಂದಲೇ ಬರೆದುಕೊಂಡೆ. ಆಲ್ಟರ್ನೇಟರಿನ ತಿರುಪಿಗೂ ಅದರ ಮೈಗೂ ನಡುವೆ 14.15 ವೋಲ್ಟ್. ಉತ್ಪಾದನೆಯಲ್ಲಿ ಕೊರತೆಯಿಲ್ಲ. ಬ್ಯಾಟರಿಯ ಎರಡು ತುದಿಗಳ ನಡುವೆ 12.70 ಮಾತ್ರ. ಹಾಗಾದರೆ 1.45 ವೋಲ್ಟ್ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ. ಆಲ್ಟರ್ನೇಟರಿನಿಂದ ಬ್ಯಾಟರಿಯ ಧನ ತುದಿಗೆ ಬರುವ ದಪ್ಪ ತಂತಿಯ ಎರಡು ಕೊನೆಗಳ ನಡುವೆ 0.15. ಇದು ಸಹಜವಾದ ನಷ್ಟ. ಉಳಿದುದು ಮರಳುವ ದಾರಿ. ಬ್ಯಾಟರಿಯ ಋಣ ತುದಿಗೂ ಕಾರಿನ ಮೈಗೂ ನಡುವೆ ಹೇಳಿಕೊಳ್ಳುವಷ್ಟು ಏನೂ ಇಲ್ಲ. ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಮುಳ್ಳನ್ನೂರಿದರು: 1.30 ವೋಲ್ಟ್. 0.2ಕ್ಕಿಂತ ಕಡಿಮೆಯಿರಬೇಕಾದ ಕಡೆ!

ನಾನು ಕೂಡಿಸಿ ನೋಡಿದೆ. 12.70, 0.15, 1.30, ಒಟ್ಟು 14.15. ಒಂದು ಪೈಸೆಯ ವ್ಯತ್ಯಾಸವಿಲ್ಲ! ಇಟಲಿಯ ಲೂಕಾ ಪಾಚೋಲಿ ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಗ್ರಂಥರೂಪದಲ್ಲಿ ಮುದ್ರಿಸಿದ್ದು 1494ರಲ್ಲಿ. ಒಂದು ವಿದ್ಯುನ್ಮಂಡಲವನ್ನು ಸುತ್ತಿ ಬಂದಾಗ ಕೊಟ್ಟ ವೋಲ್ಟೇಜಿನ ಮೊತ್ತವೂ ಖರ್ಚಾದ ವೋಲ್ಟೇಜಿನ ಮೊತ್ತವೂ ಸಮವಾಗಿರಬೇಕೆಂಬ ನಿಯಮವನ್ನು ಜರ್ಮನಿಯ ಕಿರ್ಖಾಫ್ ಪ್ರಕಟಿಸಿದ್ದು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ವಾಣಿಜ್ಯ ಪದವೀಧರನಾದ ನನಗೆ ಇವೆರಡೂ ಒಂದೇ ಶಾಸ್ತ್ರದ ಎರಡು ಅಧ್ಯಾಯಗಳಂತೆ ತೋರಿದವು. ಭೌತಶಾಸ್ತ್ರದ ಪ್ರಾಧ್ಯಾಪಕರು ಕ್ಷಮಿಸಬೇಕು.

ವಿಷಯವಿಷ್ಟೇ. ಬ್ಯಾಟರಿಯ ಋಣ ತುದಿಯಿಂದ ಒಂದು ತಂತಿ ಕಾರಿನ ಮೈಗೂ ಇನ್ನೊಂದು ತಂತಿ ಎಂಜಿನ್ನಿಗೂ ಹೋಗುತ್ತದೆ. ಆಲ್ಟರ್ನೇಟರ್ ಕುಳಿತಿರುವುದು ಎಂಜಿನ್ನಿನ ಮೇಲೆ; ಅದು ಕಳುಹಿಸಿದ ವಿದ್ಯುತ್ತೆಲ್ಲ ಈ ಎರಡನೆಯ ತಂತಿಯ ಮೂಲಕವೇ ಹಿಂತಿರುಗಬೇಕು. ಮೆಕ್ಯಾನಿಕ್‌ಗಳು ಇದನ್ನು ಅರ್ತಿಂಗ್ ಎನ್ನುತ್ತಾರೆ. ಆ ದಾರಿ ಕಿರಿದಾದರೆ, ಬಳಕೆ ಕಡಿಮೆಯಿರುವಾಗ ಏನೂ ತಿಳಿಯುವುದಿಲ್ಲ. 45 ಆಂಪಿಯರ್ ಹರಿಯುವಾಗ ಮಾತ್ರ 1.3 ವೋಲ್ಟ್ ಅಲ್ಲಿಯೇ ಬಿಸಿಯಾಗಿ ವ್ಯಯವಾಗುತ್ತದೆ. ಉಳಿದ ವೋಲ್ಟೇಜಿನಲ್ಲಿ ಬ್ಯಾಟರಿ ತುಂಬುವುದಿಲ್ಲ; ಬದಲಾಗಿ ತಾನೇ ಮೂಲಧನದಿಂದ ಖರ್ಚು ಮಾಡತೊಡಗುತ್ತದೆ. ಒಂದು ಗಂಟೆಯೊಳಗೆ ಅದು ದುರ್ಬಲವಾಗಿರುವಾಗ ತಿರುವಿನಲ್ಲಿ ಸ್ಟಿಯರಿಂಗಿನ ಮೋಟಾರು ಒಮ್ಮೆಗೇ ಹತ್ತಾರು ಆಂಪಿಯರ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಗಣಕಗಳು ಒಂದರ ಹಿಂದೊಂದು ಅಂಗಡಿ ಮುಚ್ಚುತ್ತವೆ. ಹೊಸ ಬ್ಯಾಟರಿಯಿಂದಾಗಲಿ ಹೊಸ ಆಲ್ಟರ್ನೇಟರಿನಿಂದಾಗಲಿ ಗುಣವಾಗದ ಕಾರಣ ಇದು. ಹೊಸ ಬ್ಯಾಟರಿಯಿದ್ದೂ ಬೆಳಿಗ್ಗೆ ಎಂಜಿನ್ ಗೊಣಗುತ್ತಿದ್ದುದೂ ಇದರಿಂದಲೇ. ಸ್ಟಾರ್ಟರಿನ ನೂರಕ್ಕೂ ಮಿಕ್ಕಿದ ಆಂಪಿಯರ್ ಸಾಗಬೇಕಾದದ್ದು ಅದೇ ಕಿರುದಾರಿಯಲ್ಲಿ. ಏರಿನಲ್ಲಿ ಎಂಜಿನ್ ಜಗ್ಗಿದಾಗ ತಂತಿ ಎಳೆದು ಇನ್ನಷ್ಟು ಸಡಿಲವಾಗುತ್ತಿತ್ತು. ಮಹಾಪೆಯ ಗುಡ್ಡಕ್ಕೆ ಬೇರೆ ಶಾಪವೇನೂ ಇರಲಿಲ್ಲ.

ಮೀಟರಿನಲ್ಲಿ ಓಂಗಳನ್ನು ಅಳೆಯುವ ವ್ಯವಸ್ಥೆಯೂ ಇದೆಯಲ್ಲ, ತಂತಿಯನ್ನು ನೇರವಾಗಿ ಅಳೆಯಬಹುದಿತ್ತಲ್ಲವೇ ಎಂದು ನಾನು ಕೇಳಿದೆ. ಓಮನು 1827ರಲ್ಲಿ ಕೊಟ್ಟ ಸೂತ್ರದಂತೆ 1.3ನ್ನು 45ರಿಂದ ಭಾಗಿಸಿದರೆ ಆ ತಂತಿಯ ರೋಧ ಸುಮಾರು 0.03 ಓಂ. ಅಗ್ಗದ ಮೀಟರಿನ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಓಂ ತೋರಿಸುತ್ತದೆ. ಹಾಗೆ ಅಳೆದಿದ್ದರೆ ತಂತಿ ನಿರ್ದೋಷಿಯೆಂದು ಬಿಡುಗಡೆಯಾಗುತ್ತಿತ್ತು. ವಿದ್ಯುತ್ತು ಹರಿಯುವಾಗಲೇ ಕುಸಿತವನ್ನು ಅಳೆಯಬೇಕೆಂಬ ಗುಟ್ಟು ಇಲ್ಲಿದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟರೆ ಸಾಕು.

ಆದರೂ ಆ ಹಿರಿಯರು ಕೂಡಲೇ ತಂತಿಯನ್ನು ಬಿಚ್ಚಲಿಲ್ಲ. ಬೇರೊಂದು ದಪ್ಪ ಜಂಪರ್ ತಂತಿಯನ್ನು ತಂದು ಋಣ ತುದಿಗೂ ಎಂಜಿನ್ನಿನ ಕೊಕ್ಕೆಗೂ ಕಚ್ಚಿಸಿದರು. 1.30 ಇದ್ದ ಅಂಕಿ ಕ್ಷಣಮಾತ್ರದಲ್ಲಿ 0.08ಕ್ಕೆ ಇಳಿಯಿತು, ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆ ಏರಿತು. ರೋಗ ನಿಶ್ಚಯವಾದ ಮೇಲೆಯೇ ಶಸ್ತ್ರಕ್ರಿಯೆ. ಎಂಜಿನ್ ಆರಿಸಿ, ಬ್ಯಾಟರಿಯ ಪೀಠವನ್ನು ಎತ್ತಿದಾಗ ಅದರಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಜಡೆಯಂಥ ತಾಮ್ರದ ತಂತಿ ಕಂಡಿತು. ಹೊರಗಿನ ಕೊಳವೆ ನೋಡಲು ಚೆನ್ನಾಗಿಯೇ ಇತ್ತು. ಸೀಳಿ ನೋಡಿದರೆ ಒಳಗೆ ಹಸಿರು ಹುಡಿ! ನೂರಾರು ಎಳೆಗಳಲ್ಲಿ ಹೊಳೆಯುತ್ತಿದ್ದುವು ಹತ್ತೋ ಹನ್ನೆರಡೋ.

ಹಿಂದಿನ ಬ್ಯಾಟರಿಯಿಂದ ತೊಟ್ಟಿಕ್ಕಿದ ಆಮ್ಲ ಮೊದಲು ಕೊರೆದಿರಬೇಕು, ಮಳೆಗಾಲದ ತೇವ ಉಳಿದುದನ್ನು ಮುಗಿಸಿರಬೇಕು ಎಂಬುದು ಅವರ ತೀರ್ಮಾನ. ನಮ್ಮ ಭಾಗದ ಹವೆಯೂ ತಾಮ್ರಕ್ಕೆ ಮಿತ್ರನಲ್ಲ. ಥಾಣೆಯ ಖಾರಿಯಿಂದ ವಾಶಿ, ನೇರೂಳಿನವರೆಗೆ ಉಪ್ಪಿನ ತೇವ. ಡೊಂಬಿವಲಿಯಲ್ಲಾದರೆ ರಾಸಾಯನಿಕ ಕಾರ್ಖಾನೆಗಳ ಗಾಳಿ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದುದೂ, 2020ರ ಫೆಬ್ರವರಿಯಲ್ಲಿ ಕೈಗಾರಿಕಾ ವಸಾಹತಿನ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದುದೂ ಪತ್ರಿಕೆಗಳಲ್ಲಿ ಬಂದ ಸುದ್ದಿ. ಮನುಷ್ಯರ ಶ್ವಾಸಕೋಶದೊಳಗೆ ಇಣುಕಿ ನೋಡುವಂತಿಲ್ಲ. ತಂತಿಯನ್ನು ಸೀಳಿ ನೋಡಬಹುದು. ಎರಡನೆಯ ಕೈಯ ಕಾರು ಕೊಳ್ಳುವವರು ಅದು ಎಂದಾದರೂ ನೆರೆಯಲ್ಲಿ ನಿಂತಿತ್ತೇ ಎಂದು ವಿಚಾರಿಸುವುದೂ ಒಳ್ಳೆಯದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಳುಗಿದ್ದ ವಾಹನಗಳೆಷ್ಟೋ ಬಳಿಕ ಒರೆಸಿ ಬಣ್ಣ ಬಳಿದುಕೊಂಡು ಮಾರಾಟವಾದವು. ಜೋಡಣೆಗಳ ಒಳಗೆ ಸೇರಿದ ಕೆಸರುನೀರು ವರ್ಷಗಳ ನಂತರ ಲೆಕ್ಕ ಒಪ್ಪಿಸುತ್ತದೆ.

ಹೊಸ ತಂತಿಗೆ 350 ರೂಪಾಯಿ, ಕೂಲಿ 200. ತಿರುಪು ಕೂರುವ ಜಾಗವನ್ನು ಮರಳುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಇರಿಸಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಮತ್ತೆ ಅದೇ ಪರೀಕ್ಷೆ: ಮರಳುವ ದಾರಿಯಲ್ಲಿ 0.06, ಧನ ತಂತಿಯಲ್ಲಿ 0.14, ಬ್ಯಾಟರಿಯಲ್ಲಿ 13.95. ಮೊತ್ತ ಮತ್ತೆ 14.15.

ಇದನ್ನೋದಿ ಸ್ವತಃ ಕೈಹಾಕುವ ಉತ್ಸಾಹಿಗಳಿಗೆ ಅವರು ನನಗೆ ಹೇಳಿದ ಎಚ್ಚರಿಕೆಗಳನ್ನು ದಾಟಿಸದಿದ್ದರೆ ತಪ್ಪಾದೀತು. ಬ್ಯಾಟರಿಯನ್ನು ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಕೈಯ ಉಂಗುರ, ಲೋಹದ ಗಡಿಯಾರವನ್ನು ತೆಗೆದಿಡಬೇಕು; ಸ್ಪ್ಯಾನರ್ ಎರಡೂ ತುದಿಗಳಿಗೆ ತಗಲಿದರೆ ಉಂಗುರವೇ ಕೆಂಡವಾಗುತ್ತದೆ. ತುಂಬುತ್ತಿರುವ ಬ್ಯಾಟರಿ ಜಲಜನಕವನ್ನು ಹೊರಬಿಡುತ್ತದೆ, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಅದರ ದ್ರವ ಗಂಧಕಾಮ್ಲ. ಕಣ್ಣಿಗೆ ಸಿಡಿದರೆ ಕನಿಷ್ಠ ಕಾಲು ಗಂಟೆ ಧಾರೆಯ ನೀರಿನಲ್ಲಿ ತೊಳೆದು ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಎಂಜಿನ್ ಓಡುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು ಡೈನಮೊವನ್ನು ಪರೀಕ್ಷಿಸುವ ಒಂದು ಹಳೆಯ ಚಮತ್ಕಾರವಿದೆ. ಗಣಕಗಳಿರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ನೆಗೆದು ಎಲ್ಲವನ್ನೂ ಸುಟ್ಟೀತು. ಇವೆಲ್ಲಕ್ಕಿಂತ ಮುಖ್ಯವಾಗಿ, ಗಾಳಿಚೀಲದ ಹಳದಿ ಜೋಡಣೆಗಳಿಗೆ ಮೀಟರನ್ನು ಮುಟ್ಟಿಸಲೇಕೂಡದು. ಅದು ಸಿಡಿಮದ್ದಿನ ವ್ಯವಹಾರ.

ಹಳದಿ ಜೋಡಣೆಯ ಮಾತೇಕೆ ಬಂತೆಂದರೆ, ಉಳಿದ ಮೂರೂ ದೀಪಗಳು ಆರಿದ ಮೇಲೂ ಗಾಳಿಚೀಲದ ದೀಪ ಉರಿಯುತ್ತಲೇ ಇತ್ತು. ಅದನ್ನು ತಾನು ಮುಟ್ಟುವುದಿಲ್ಲವೆಂದು ಹಿರಿಯರು ಖಂಡಿತವಾಗಿ ನುಡಿದರು. ಕಾರ್ಯಾಗಾರಕ್ಕೇ ಮರಳಿ ಹೋದೆ. ತಪಾಸಣೆಯ ಯಂತ್ರ ಈ ಸಲ ಒಂದೇ ಸಂಕೇತವನ್ನು ತೋರಿಸಿತು, ಅದೂ ನಿಖರವಾಗಿ: ಎಡಗಡೆಯ ಮುಂದಿನ ಆಸನದ ಕೆಳಗಿನ ಜೋಡಣೆ. ಬಗ್ಗಿ ನೋಡಿದರೆ ಮಳೆಗಾಲದ ಆರಂಭದಲ್ಲಿ ನಾನೇ ಅಲ್ಲಿ ತುರುಕಿದ್ದ ಉದ್ದನೆಯ ಕೊಡೆ ತಂತಿಯನ್ನು ಒತ್ತಿ ಸಡಿಲಿಸಿತ್ತು! ಅಲ್ಲಿನ ತರುಣ ನಕ್ಕು, ಸರಿಪಡಿಸಿ, ಸಂಕೇತವನ್ನಳಿಸಿದ. ಆದುದರಿಂದ ಯಂತ್ರವನ್ನು ನಾನು ಹಳಿಯಲಾರೆ. ಒಂದು ಭಾಗದ ದೋಷವನ್ನು ಅದು ಕ್ಷಣದಲ್ಲಿ ಹೇಳುತ್ತದೆ. ನಾಲ್ಕು ಭಾಗಗಳು ಹಂಚಿಕೊಂಡ ದಾರಿಯ ದೋಷ ಅದರ ಪುಸ್ತಕದಲ್ಲಿಲ್ಲ, ಏಕೆಂದರೆ ಆ ತಂತಿಗೆ ಗಣಕವೂ ಇಲ್ಲ, ದೀಪವೂ ಇಲ್ಲ. ಬದಲಾಯಿಸಿದ ಬ್ಯಾಟರಿಗೆ ಹೇಗೂ ವಯಸ್ಸಾಗಿತ್ತೆಂದು ಸಮಾಧಾನ ಪಟ್ಟುಕೊಂಡಿದ್ದೇನೆ. ಆಲ್ಟರ್ನೇಟರಿನ 9,800 ರೂಪಾಯಿಯನ್ನು ಮಾತ್ರ ಇನ್ನೂ ಯಾವ ಖಾತೆಗೂ ಹಾಕಲಾಗದೆ ಸಸ್ಪೆನ್ಸ್ ಖಾತೆಯಲ್ಲಿಯೇ ಇಟ್ಟಿದ್ದೇನೆ.

ಸಿಗರೇಟಿನ ಕಿಂಡಿಗೆ ತೊಡಿಸಿದರೆ ವೋಲ್ಟೇಜ್ ತೋರಿಸುವ ಪುಟ್ಟ ಮಾಪಕವೊಂದನ್ನು 250 ರೂಪಾಯಿ ಕೊಟ್ಟು ತಂದೆ. ಆಗಸ್ಟಿನ ಕೊನೆಯ ಗುರುವಾರ ಮತ್ತೆ ಅಂಥದೇ ಮಳೆ, ತುರ್ಭೆಯಲ್ಲಿ ಅಂಥದೇ ವಾಹನಗಳ ಸಾಲು. ತಂದೆಯವರು ಅಂದು ಹಟ ಹಿಡಿದು ಮುಂದಿನ ಆಸನದಲ್ಲಿ ಕುಳಿತಿದ್ದರು. ಮಹಾಪೆಯ ಏರು ಬಂದಾಗ ನಾನು ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಒತ್ತಿದೆ. ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅವರು ಮಾಪಕದ ಅಂಕಿಗಳನ್ನು ಗಟ್ಟಿಯಾಗಿ ಓದುತ್ತ ಬಂದರು: ತರ್ಟೀನ್ ಪಾಯಿಂಟ್ ನೈನ್, ತರ್ಟೀನ್ ಪಾಯಿಂಟ್ ಏಯ್ಟ್, ತರ್ಟೀನ್ ಪಾಯಿಂಟ್ ನೈನ್. ಶಿಳ್‌ಫಾಟಾ ದಾಟಿ ಡೊಂಬಿವಲಿಯ ರಸ್ತೆಗೆ ತಿರುಗಿದಾಗ ಓದುವುದು ನಿಂತಿತು. ತಿರುಗಿ ನೋಡಿದೆ, ನಿದ್ದೆ ಹೋಗಿದ್ದರು.